ನಾಯಿಯ ಮೈಗೆ ಯಾರ ಬಣ್ಣ?

ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿಯುವ ಸೀಮೆಯಲ್ಲಿ ನಿಂತು, ನಾಯಿಗೆ ಬಣ್ಣ ಹಚ್ಚುವುದು ತಪ್ಪೆಂದು ಹೇಳುವುದು ಸುಲಭವಲ್ಲ. ಬೆಳಗಾವಿಯಿಂದ ಖಾನಾಪುರದ ದಾರಿ ಹಿಡಿದರೆ ಸಿಗುವ ಮಚ್ಛೆಯಂಥ ಊರಲ್ಲಿ ಇನ್ನೂ ಕಷ್ಟ. ಇಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ, ಫೌಂಡ್ರಿ, ಮಷೀನ್ ಶಾಪುಗಳ ಕೈಗಾರಿಕಾ ವಸಾಹತು ಇದೆ, ಇನ್ನೂ ದನ ಎಮ್ಮೆ ಕಟ್ಟುವ ಹಳೆಯ ಮನೆಗಳಿವೆ, ಅವುಗಳ ಬೆನ್ನಿಗೇ ಎದ್ದ ಹೊಸ ಲೇಔಟುಗಳಿವೆ. ಹಳೆಯ ಮನೆಯ ನಾಯಿ ಅಂಗಳದಲ್ಲಿ ಮಲಗಿ, ಉಳಿದ ರೊಟ್ಟಿ ತಿಂದು, ರಾತ್ರಿ ಬೊಗಳಿ ತನ್ನ ಋಣ ತೀರಿಸುತ್ತದೆ. ಹೊಸ ಮನೆಯ ನಾಯಿ ಸೋಫಾದ ಮೇಲೆ ಮಲಗುತ್ತದೆ, ತಿಂಗಳಿಗೊಮ್ಮೆ ನಗರದ ಪಾರ್ಲರಿಗೆ ಹೋಗುತ್ತದೆ, ಹುಟ್ಟುಹಬ್ಬಕ್ಕೆ ಫೋಟೋ ತೆಗೆಸಿಕೊಳ್ಳುತ್ತದೆ. ಈ ಎರಡನೆಯ ನಾಯಿಯ ಕಿವಿ ಗುಲಾಬಿ, ಬಾಲ ನೇರಳೆಯಾದಾಗ ಹಳೆಯ ಮನೆಯವರು ನಗುತ್ತಾರೆ, ಹೊಸ ಮನೆಯವರು ಸಿಟ್ಟಾಗುತ್ತಾರೆ. "ನಿಮ್ಮ ಎತ್ತಿಗೆ ನೀವು ಬಳಿಯುವುದಿಲ್ಲವೇ?" ಎಂಬ ಮರುಪ್ರಶ್ನೆ ತಕ್ಷಣ ಬರುತ್ತದೆ. ಆ ಪ್ರಶ್ನೆಗೆ ನೇರ ಉತ್ತರ ಕೊಡದೆ ಈ ಚರ್ಚೆ ಮುಂದೆ ಹೋಗಲಾರದು.

ಆದ್ದರಿಂದ ಎತ್ತಿನಿಂದಲೇ ತೊಡಗೋಣ. ಕಾರಹುಣ್ಣಿಮೆ, ಗಡಿಯ ಆಚೆಯವರು ಕರ್ನಾಟಕಿ ಬೆಂದೂರ್ ಎನ್ನುವ ಹಬ್ಬ, ಉಳುಮೆಯ ದಿನಗಳ ಎತ್ತಿಗೆ ಸಲ್ಲುವ ಗೌರವ. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊಡಣಸು ತೊಡಿಸಿ, ಬೆನ್ನಿಗೆ ಜೂಲ ಹೊದಿಸಿ, ಕೊರಳಿಗೆ ಗೆಜ್ಜೆಸರ, ಹಣೆಗೆ ಬಾಸಿಂಗ ಕಟ್ಟಿ, ಸಂಜೆ ಕರಿ ಹರಿಯಲು ಓಡಿಸುತ್ತಾರೆ. ಬೆಳಗಾವಿ ನಗರದ ಗವಳಿಗರು ದೀಪಾವಳಿಯ ಪಾಡ್ಯಕ್ಕೆ ಎಮ್ಮೆಗಳ ಕೊಂಬಿಗೆ ಬಣ್ಣ, ನವಿಲುಗರಿ, ಗೆಜ್ಜೆ ಹಾಕಿ ಬೈಕಿನ ಹಿಂದೆ ಓಡಿಸುತ್ತಾರೆ. ಇದೆಲ್ಲ ಪ್ರಾಣಿಯ ಸಿಂಗಾರವೇ. ಆದರೆ ಕೊಂಬಿನ ಹೊರಕವಚ ನಮ್ಮ ಉಗುರಿನಂಥ ಜಡ ವಸ್ತು. ಅಲ್ಲಿ ನೋವಿಲ್ಲ, ಬಣ್ಣ ಒಳಗೆ ಇಳಿಯುವುದಿಲ್ಲ, ಎತ್ತು ತನ್ನ ಕೊಂಬನ್ನು ತಾನೇ ನೆಕ್ಕಲಾರದು. ನಾಯಿಯ ಮೈ ಹಾಗಲ್ಲ. ರೋಮದ ಬುಡದಲ್ಲೇ ಚರ್ಮ, ಚರ್ಮದ ಬಹುಪಾಲಿಗೆ ತಲುಪುವ ನಾಲಗೆ. ಎತ್ತಿಗೂ ನಾಯಿಗೂ ಇರುವ ಮೊದಲ ವ್ಯತ್ಯಾಸ ಸಂಪ್ರದಾಯದ್ದಲ್ಲ, ಶರೀರದ್ದು.

ಹಾಗೆಂದು ನಮ್ಮ ಹಬ್ಬಗಳಿಗೆ ಪೂರ್ತಿ ಕ್ಷಮೆ ಸಿಗುವುದಿಲ್ಲ. ಬಣ್ಣ ಚೆನ್ನಾಗಿ ಕೂರಲೆಂದು ಕೊಂಬನ್ನು ಹೆರೆಯುವ ರೂಢಿ ಇದೆ. ಕವಚದ ಒಳಗೆ ರಕ್ತನಾಳ, ನರಗಳಿರುವ ಎಲುಬಿನ ತಿರುಳಿದೆ, ಹೆರೆಯುವ ಕೈ ಆಳಕ್ಕಿಳಿದರೆ ಎತ್ತು ನರಳುತ್ತದೆ. ನಮ್ಮ ದೇಸಿ ದನಗಳಿಗೆ ಬರುವ ಕೊಂಬಿನ ಕ್ಯಾನ್ಸರಿಗೆ ಪಶುವೈದ್ಯರು ಶಂಕಿಸುವ ಕಾರಣಗಳಲ್ಲಿ ಹಗ್ಗದ ತಿಕ್ಕಾಟ, ಹೆರೆಯುವಿಕೆ, ಬಣ್ಣ ಎಲ್ಲವೂ ಸೇರಿವೆ. ಸೈಲೆನ್ಸರ್ ತೆಗೆದ ಬೈಕಿನ ಸದ್ದಿಗೆ ಎಮ್ಮೆಯನ್ನು ಓಡಿಸುವುದನ್ನು ಪ್ರೀತಿ ಎಂದು ಕರೆಯಲು ನನಗೆ ಮನಸ್ಸಿಲ್ಲ. ಸಂತೆಯಲ್ಲಿ, ಶಾಲೆಯ ಗೇಟಿನ ಮುಂದೆ ಹಸಿರು, ಗುಲಾಬಿ ಬಣ್ಣದ ಕೋಳಿಮರಿ ಮಾರುವುದನ್ನು ನಾವೆಲ್ಲ ನೋಡಿದ್ದೇವೆ. ಹ್ಯಾಚರಿಗೆ ಬೇಡವಾದ ಗಂಡುಮರಿಗಳನ್ನು ಬಣ್ಣದಲ್ಲಿ ಅದ್ದಿ ಮಕ್ಕಳ ಕೈಗೆ ಕೊಡುವ ಆ ವ್ಯಾಪಾರದ ಬಗ್ಗೆ ಯಾರೂ ಸಿಟ್ಟಾಗಿದ್ದು ಕಾಣೆ. ನಾಯಿಯ ಬಗ್ಗೆ ಆಡುವ ಮಾತು ನ್ಯಾಯವಾಗಿರಬೇಕಾದರೆ ಇವುಗಳಿಗೂ ಅದೇ ಅಳತೆ ಹಿಡಿಯಬೇಕು.

ಆ ಅಳತೆ ಯಾವುದು? ಸಿಂಗಾರಕ್ಕೆ ಪ್ರಾಣಿ ತೆರುವ ಬೆಲೆ ಎಷ್ಟು, ಅದರಿಂದ ಪ್ರಾಣಿಗೆ ಬರುವ ಲಾಭ ಎಷ್ಟು ಎಂಬುದೇ. ಬಣ್ಣ ಚಂದವೋ ಅಸಹ್ಯವೋ ಎಂಬುದು ನೋಡುವವರ ರುಚಿಗೆ ಬಿಟ್ಟ ಮಾತು, ಅದರ ಮೇಲೆ ಸರಿತಪ್ಪು ತೀರ್ಮಾನಿಸಲಾಗದು.

ಬೆಲೆಯ ಲೆಕ್ಕ ಚರ್ಮದಿಂದ ಶುರುವಾಗುತ್ತದೆ. ಮನುಷ್ಯರ ಚರ್ಮದ ಹೊರಪದರದಲ್ಲಿ ಜೀವಕೋಶಗಳ ಹತ್ತು ಹದಿನೈದು ಸಾಲುಗಳಿದ್ದರೆ ನಾಯಿಗೆ ಮೂರರಿಂದ ಐದು ಮಾತ್ರ. ರೋಮವೇ ಅದರ ರಕ್ಷಣೆ, ಕೆಳಗಿನ ಚರ್ಮ ತೆಳು. ನಮ್ಮ ಚರ್ಮ ಸ್ವಲ್ಪ ಆಮ್ಲೀಯ, ನಾಯಿಯದು ತಟಸ್ಥಕ್ಕೆ ಹತ್ತಿರ. ಮನುಷ್ಯರ ಶಾಂಪೂ ಕೂಡ ನಾಯಿಗೆ ಒಗ್ಗುವುದಿಲ್ಲವೆಂದು ಪಶುವೈದ್ಯರು ಹೇಳುವುದು ಇದಕ್ಕೇ. ಶಾಂಪೂವೇ ಹೀಗಾದರೆ ಹೇರ್ ಡೈ ಗತಿಯೇನು? ಕೂದಲನ್ನು ಉಬ್ಬಿಸಲು ಅಮೋನಿಯಾ, ಮೂಲ ಬಣ್ಣ ಕಳೆಯಲು ಹೈಡ್ರೋಜನ್ ಪೆರಾಕ್ಸೈಡ್, ಕಪ್ಪು ಹಿಡಿಸಲು ಪ್ಯಾರಾಫಿನೈಲೀನ್ ಡೈಯಮೀನ್. ಈ ಕೊನೆಯ ಹೆಸರು ದಕ್ಷಿಣ ಭಾರತದ ಸರ್ಕಾರಿ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಚೆನ್ನಾಗಿ ಗೊತ್ತು. ಜೀವ ಕಳೆದುಕೊಳ್ಳಲು ಹೇರ್ ಡೈ ಕುಡಿದು ಬಂದವರ ಮುಖ, ಕುತ್ತಿಗೆ ಊದಿ ಉಸಿರು ಕಟ್ಟುತ್ತದೆ, ಸ್ನಾಯುಗಳು ಒಡೆದು ಮೂತ್ರ ಕಪ್ಪಾಗುತ್ತದೆ, ಮೂತ್ರಪಿಂಡ ಕೈಕೊಡುತ್ತದೆ. ಹಚ್ಚಿ ತೊಳೆದ ಬಣ್ಣದಲ್ಲಿ ಅಷ್ಟು ವಿಷ ಉಳಿದಿರುವುದಿಲ್ಲ, ನಿಜ. ಆದರೆ ಹಚ್ಚುವ ಆ ಅರ್ಧ ಗಂಟೆಯಲ್ಲಿ ನಾಯಿ ನೆಕ್ಕದಂತೆ ಯಾರು ತಡೆಯುತ್ತಾರೆ? ಚರ್ಮ ಉರಿದರೆ ಅದು ಇನ್ನಷ್ಟು ನೆಕ್ಕುತ್ತದೆ. ಅದಕ್ಕೆ ಗೊತ್ತಿರುವ ಔಷಧಿ ಅದೊಂದೇ.

ಇದು ಬರಿಯ ಊಹೆಯಲ್ಲ. ಅಮೆರಿಕದ ಫ್ಲೋರಿಡಾದ ಪಿನೆಲಸ್ ಕೌಂಟಿಯ ಪ್ರಾಣಿ ಇಲಾಖೆಗೆ ಮಾಲ್ಟೀಸ್ ಜಾತಿಯ ಪುಟ್ಟ ನಾಯಿಯೊಂದು ಬಂತು. ಮನುಷ್ಯರ ಡೈ ಹಚ್ಚಿ ಮೈಯೆಲ್ಲ ನೇರಳೆ ಮಾಡಿದ್ದರು. ಕಣ್ಣು ಊದಿ ಮುಚ್ಚಿಹೋಗಿತ್ತು, ರೋಮ ಬೋಳಿಸಿದಾಗ ಚರ್ಮವೇ ಸುಟ್ಟು ಕಳಚತೊಡಗಿತು. ತಿಂಗಳುಗಟ್ಟಲೆ ಆರೈಕೆ ಮಾಡಿ ಅದನ್ನು ಉಳಿಸಿಕೊಂಡರು. 2018ರಲ್ಲಿ ಆ ಇಲಾಖೆ ಅದರ ಫೋಟೋಗಳನ್ನು ಹೊರಗೆ ಬಿಟ್ಟಿದ್ದು ಯಾರನ್ನೋ ಹಂಗಿಸಲಿಕ್ಕಲ್ಲ, ಪ್ರೀತಿಯಿಂದಲೇ ಇಂಥದ್ದನ್ನು ಮಾಡುವ ಬೇರೆ ಮನೆಗಳಿಗೆ ಎಚ್ಚರಿಕೆ ಹೇಳಲಿಕ್ಕೆ.

ಬಣ್ಣದ ಪರ ನಿಂತವರು ಇಲ್ಲಿ ಒಂದು ಸರಿಯಾದ ಮಾತು ಹೇಳುತ್ತಾರೆ. ನಾವು ಮನುಷ್ಯರ ಡೈ ಬಳಸುವುದಿಲ್ಲ, ನಾಯಿಗೆಂದೇ ತಯಾರಾದ ಬಣ್ಣಗಳಿವೆ, ಇಲ್ಲವಾದರೆ ಬೀಟ್‌ರೂಟ್ ರಸ, ಅಡುಗೆಬಣ್ಣ, ಸೀಮೆಸುಣ್ಣವಿದೆ ಎನ್ನುತ್ತಾರೆ. 2008ರಲ್ಲಿ ಅಮೆರಿಕದ ಬೌಲ್ಡರ್ ನಗರದಲ್ಲಿ ಸಲೂನ್ ಒಡತಿಯೊಬ್ಬಳು ಸ್ತನ ಕ್ಯಾನ್ಸರ್ ಜಾಗೃತಿಗೆಂದು ತನ್ನ ಬಿಳಿ ಪೂಡಲ್ ನಾಯಿಯನ್ನು ಬೀಟ್‌ರೂಟ್ ರಸದಲ್ಲಿ ಗುಲಾಬಿ ಮಾಡಿದ್ದಳು. ನಗರದ ನಿಯಮ ಮುರಿದಳೆಂದು ಅವಳಿಗೆ ಸಾವಿರ ಡಾಲರ್ ದಂಡದ ಚೀಟಿ ಬಂತು. ದೇಶವೆಲ್ಲ ನಕ್ಕಿತು, ವಾದಿಸಿತು. ಬೀಟ್‌ರೂಟ್ ರಸದಿಂದ ನಾಯಿಗೆ ಕೇಡಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಹಾಗಾದರೆ ಬೀಟ್‌ರೂಟ್ ಆದರೆ ಸರಿಯೇ?

ರಸಾಯನ ಇಲ್ಲವೆಂದ ಮಾತ್ರಕ್ಕೆ ಬೆಲೆ ಶೂನ್ಯವಾಗುವುದಿಲ್ಲ. ಉಳಿಯುವುದು ಹೊತ್ತು ಮತ್ತು ಹಿಡಿತ. ಬಣ್ಣ ಹಚ್ಚಬೇಕಾದರೆ ನಾಯಿಗೆ ಸ್ನಾನ, ಡ್ರೈಯರಿನ ಬಿಸಿಗಾಳಿ, ಮೇಜಿನ ಮೇಲೆ ಕೊರಳಿಗೆ ಕುಣಿಕೆ, ಬಣ್ಣ ಹಿಡಿಯುವವರೆಗೆ ಕಾಯುವಿಕೆ, ಮತ್ತೆ ತೊಳೆತ, ಮತ್ತೆ ಡ್ರೈಯರ್. ಅಮೆರಿಕದ ಗ್ರೂಮಿಂಗ್ ಸ್ಪರ್ಧೆಗಳಲ್ಲಿ ನಾಯಿಯ ಪಕ್ಕೆಯ ಮೇಲೆ ನವಿಲು, ಹೂತೋಟ, ಸಿನಿಮಾ ಪಾತ್ರಗಳನ್ನು ಕೆತ್ತುವವರಿದ್ದಾರೆ. ಅವರ ಕೈಚಳಕ ದೊಡ್ಡದು, ನಾಯಿಗಳೂ ಬಹುಪಾಲು ಚೆನ್ನಾಗಿ ಪಳಗಿದವು. ಆದರೂ ಅದು ಗಂಟೆಗಟ್ಟಲೆ ನಿಲ್ಲುವ ಕೆಲಸ. ನಾಯಿ ಸುಮ್ಮನೆ ನಿಂತಿದೆ, ಅದಕ್ಕೆ ಇಷ್ಟವಿದೆ ಎಂದು ಒಡೆಯ ಹೇಳುತ್ತಾನೆ. ಸುಮ್ಮನಿರುವುದೆಲ್ಲ ಇಷ್ಟವಲ್ಲ. ನಿದ್ದೆ ಇಲ್ಲದೆ ಆಕಳಿಸುವುದು, ತಿನ್ನದೆಯೂ ತುಟಿ ಸವರಿಕೊಳ್ಳುವುದು, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುವುದು, ಬಾಲ ಒಳಗೆಳೆದು ಮೈ ಸೆಟೆದು ನಿಲ್ಲುವುದು ಇವೆಲ್ಲ ಸಾಕು ಎಂದು ನಾಯಿ ಹೇಳುವ ರೀತಿಗಳು. ನಾರ್ವೆಯ ಶ್ವಾನ ತರಬೇತುದಾರ್ತಿ ಟ್ಯೂರಿಡ್ ರುಗಾಸ್ ಇಂಥ ಸನ್ನೆಗಳನ್ನು ಪಟ್ಟಿ ಮಾಡಿ ಜಗತ್ತಿನ ನಾಯಿಪ್ರಿಯರಿಗೆಲ್ಲ ಪರಿಚಯಿಸಿದಳು. ಆದರೆ ನಮ್ಮ ಕುರಿಗಾಹಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಯಾವ ನಾಯಿ ಮುಟ್ಟಿಸಿಕೊಳ್ಳುತ್ತದೆ, ಯಾವುದು ಸಹಿಸಿಕೊಳ್ಳುತ್ತಿದೆ ಎಂಬುದು ಅವನಿಗೆ ದೂರದಿಂದಲೇ ತಿಳಿಯುತ್ತದೆ.

ಲಾಭದ ಕಡೆ ನೋಡಿದರೆ ಏನಿದೆ? ನಾಯಿಗೆ ಕೆಂಪು, ಹಸಿರು ನಮ್ಮಂತೆ ಬೇರೆಬೇರೆಯಾಗಿ ಕಾಣುವುದೇ ಇಲ್ಲ. 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜೇ ನೈಟ್ಸ್ ಮತ್ತು ಸಂಗಡಿಗರು ಪರೀಕ್ಷೆ ಮಾಡಿ, ನಾಯಿಯ ಕಣ್ಣು ಮುಖ್ಯವಾಗಿ ನೀಲಿ ಹಳದಿಗಳ ಲೋಕದಲ್ಲಿದೆ ಎಂದು ತೋರಿಸಿದರು. ಅಂದರೆ ಗುಲಾಬಿ ಕಿವಿಯ ಗುಲಾಬಿ ನಾಯಿಯ ಪಾಲಿಗೆ ಇಲ್ಲ. ಅದರ ಪಾಲಿಗೆ ಇರುವುದು ವಾಸನೆ. ನಮಗಿಂತ ಎಷ್ಟೋ ಪಟ್ಟು ಸೂಕ್ಷ್ಮವಾದ ಮೂಗಿಗೆ ಡೈ, ಸೆಂಟು, ಸ್ಪ್ರೇಗಳ ವಾಸನೆ ದಿನಗಟ್ಟಲೆ ಮೈಗಂಟಿದ ಗದ್ದಲ. ಬೀದಿಯಲ್ಲಿ ಎದುರಾಗುವ ಇನ್ನೊಂದು ನಾಯಿ ಇದನ್ನು ಗುರುತಿಸುವುದೂ ಮೂಗಿನಿಂದಲೇ. ಸಿಂಗಾರವಾದ ನಾಯಿಯನ್ನು ಜನ ಮುದ್ದು ಮಾಡುತ್ತಾರೆ, ಆ ಗಮನ ಅದಕ್ಕೆ ಖುಷಿ ಕೊಡುತ್ತದೆ ಎಂಬ ವಾದದಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಆ ಮುದ್ದು ಬಣ್ಣವಿಲ್ಲದೆಯೂ ಕೊಡಬಹುದಾದದ್ದು. ಒಂದು ಚೆಂಡು, ಒಂದು ತಾಸಿನ ಓಡಾಟ ಕೊಟ್ಟರೂ ನಾಯಿ ಅಷ್ಟೇ ಕುಣಿಯುತ್ತದೆ.

ಇಷ್ಟು ಹೇಳಿದ ಮೇಲೆ ಪಾರ್ಲರಿಗೆ ಹೋಗುವುದೇ ಶೋಕಿ ಎಂದು ತಿಳಿಯಬಾರದು. ಇಲ್ಲಿ ನಮ್ಮ ಹಳೆಯ ಮನೆಗಳವರ ತಪ್ಪು ತಿಳಿವಳಿಕೆ ದೊಡ್ಡದು. ಅಂಗಳದ ನಾಯಿಗೆ ಕ್ಷೌರ ಬೇಕಿಲ್ಲ, ಅದರ ಗಿಡ್ಡ ರೋಮ ತಾನೇ ಉದುರಿ ತಾನೇ ಹುಟ್ಟುತ್ತದೆ. ನಮ್ಮ ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನೇ ನೋಡಿ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, ಮುಂದೆ ಸೇನೆಯೂ ತರಬೇತಿಗೆ ಒಯ್ದ ಈ ಬೇಟೆನಾಯಿಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು. ಆದರೆ ಶಿಟ್ಜು, ಲಾಸಾ, ಪೂಡಲ್‌ಗಳ ರೋಮ ನಮ್ಮ ತಲೆಗೂದಲಿನಂತೆ ಬೆಳೆಯುತ್ತಲೇ ಹೋಗುತ್ತದೆ. ಬಾಚದಿದ್ದರೆ ಗಂಟುಗಟ್ಟುತ್ತದೆ, ಗಂಟು ಬಿಗಿದು ಚರ್ಮವನ್ನು ಜಗ್ಗುತ್ತದೆ, ನಡೆದರೂ ನೋವು. ಬೆಳಗಾವಿ ಖಾನಾಪುರದ ಮಳೆಗಾಲ ಇದಕ್ಕೆ ಇನ್ನಷ್ಟು ಕೆಟ್ಟದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗದ ಗಾಳಿ, ಒಣಗದ ರೋಮ, ಅದರಡಿ ಕೊಳೆಯುವ ಚರ್ಮ. ಕಾಲ್ಬೆರಳ ಸಂದಿ, ಕಿವಿಯ ಒಳಗೆ ಉಣ್ಣೆ ಸೇರಿಕೊಂಡರೆ ಹೊರಗೆ ಕಾಣುವುದೇ ಇಲ್ಲ. ಉಣ್ಣೆಯಿಂದ ಹರಡುವ ಜ್ವರ ನಾಯಿಯ ರಕ್ತಕಣಗಳನ್ನು ನಾಶಮಾಡಿ ಕೆಲವೇ ದಿನಗಳಲ್ಲಿ ಕೊಲ್ಲಬಲ್ಲದು. ಒಳ್ಳೆಯ ಗ್ರೂಮರ್ ಆ ಉಣ್ಣೆಯನ್ನು, ಗಡ್ಡೆಯನ್ನು, ಕಿವಿಯ ಕೀವನ್ನು ದನದ ದವಾಖಾನೆಯ ಡಾಕ್ಟರಿಗಿಂತ ಮೊದಲೇ ಕಾಣುತ್ತಾನೆ. ಉಗುರು ಬೆಳೆದು ಸುರುಳಿಯಾಗಿ ಪಾದಕ್ಕೆ ಚುಚ್ಚುವ ಮೊದಲು ಕತ್ತರಿಸುತ್ತಾನೆ. ಇಂಥ ಗ್ರೂಮಿಂಗ್ ಶೋಕಿಯಲ್ಲ, ಅದು ಸಾಕಿದವರ ಕರ್ತವ್ಯ. ಕೊಡಲಾಗದಿದ್ದರೆ ಆ ಜಾತಿಯ ನಾಯಿಯನ್ನು ತರಬಾರದಿತ್ತು.

ಕತ್ತರಿಯಲ್ಲೂ ಎಚ್ಚರ ಬೇಕು. ಬೇಸಿಗೆ ಬಂತೆಂದು ಪೊಮೆರೇನಿಯನ್, ಹಸ್ಕಿ, ಗೋಲ್ಡನ್ ರಿಟ್ರೀವರ್‌ಗಳನ್ನು ಬೋಳಿಸುವುದು ನಮ್ಮಲ್ಲಿ ವಾಡಿಕೆ. ಅವುಗಳ ಮೈಮೇಲೆ ಎರಡು ಪದರ ರೋಮವಿದೆ. ಒಳಪದರ ಬಾಚಿ ತೆಗೆದರೆ ಗಾಳಿ ಆಡುತ್ತದೆ, ಮೇಲ್ಪದರ ಬಿಸಿಲನ್ನು ತಡೆಯುತ್ತದೆ. ಬೋಳಿಸಿದರೆ ಬಿಸಿಲು ನೇರ ಚರ್ಮಕ್ಕೆ ಬೀಳುತ್ತದೆ, ಕೆಲವಕ್ಕೆ ರೋಮ ಮತ್ತೆ ಸರಿಯಾಗಿ ಹುಟ್ಟುವುದೇ ಇಲ್ಲ. ನಾಯಿ ಮೈಯೆಲ್ಲ ಬೆವರುವ ಪ್ರಾಣಿಯಲ್ಲ. ಅದರ ತಂಪು ಬಹುಪಾಲು ನಾಲಗೆಯಲ್ಲಿ, ಏದುಸಿರಿನಲ್ಲಿ. ಸಿಂಹದಂತೆ ಕಾಣಲೆಂದು ಕೊರಳ ಸುತ್ತ ಮಾತ್ರ ರೋಮ ಬಿಟ್ಟು ಉಳಿದದ್ದನ್ನು ಬೋಳಿಸುವ ಫ್ಯಾಷನ್ ಹೀಗೆ ಎರಡು ಬಗೆಯಲ್ಲಿ ತಪ್ಪು.

ಪೂಡಲ್‌ನ ವಿಚಿತ್ರ ಕ್ಷೌರಕ್ಕೂ ಒಂದು ಕಾಲದಲ್ಲಿ ಅರ್ಥವಿತ್ತು. ಬೇಟೆಯಾಡಿದ ಹಕ್ಕಿಯನ್ನು ನೀರಿಗಿಳಿದು ತರುತ್ತಿದ್ದ ನಾಯಿ ಅದು. ಈಜಲು ಹಗುರಾಗಲೆಂದು ರೋಮ ಕತ್ತರಿಸಿ, ತಣ್ಣೀರಿನಲ್ಲಿ ಎದೆ ಮತ್ತು ಕೀಲುಗಳು ಬೆಚ್ಚಗಿರಲೆಂದು ಅಲ್ಲಲ್ಲಿ ಗುಪ್ಪೆ ಬಿಡುತ್ತಿದ್ದರು. ಆಮೇಲೆ ಫ್ರಾನ್ಸಿನ ಸಿರಿವಂತರ ಮನೆ ಸೇರಿದಾಗ ಗುಪ್ಪೆಗಳು ಉಳಿದವು, ಕೆಲಸ ಹೋಯಿತು. ಪ್ಯಾರಿಸ್ಸಿನ ಸೇತುವೆಗಳ ಮೇಲೆ ನಾಯಿ ಕ್ಷೌರಿಕರು ಕೂತು ದುಡಿಯುತ್ತಿದ್ದ ಚಿತ್ರಗಳು ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಿಂದ ಉಳಿದಿವೆ. ಸಿಂಗಾರದ ಬಹುಪಾಲು ಕಥೆ ಹೀಗೇ ಸಾಗಿದೆ. ಪ್ರಾಣಿಯ ಅಗತ್ಯದಿಂದ ಹುಟ್ಟಿ ಒಡೆಯನ ಅಂತಸ್ತಿಗೆ ತಿರುಗಿಕೊಂಡಿದೆ.

ಬಣ್ಣಕ್ಕಿಂತ ಆಳದ ಸಿಂಗಾರ ಒಂದಿದೆ. ಅದನ್ನು ಎತ್ತದೆ ಬಣ್ಣದವರನ್ನು ಮಾತ್ರ ಬೈದರೆ ಅನ್ಯಾಯ. 2003ರಲ್ಲಿ ಮೊಬೈಲ್ ಕಂಪನಿಯೊಂದರ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹೋದ ಪಗ್ ನಾಯಿ ದೇಶದ ಮನೆಮನೆಗೆ ಹೋಯಿತು. ಆ ಚಪ್ಪಟೆ ಮುಖ, ಉಬ್ಬುಗಣ್ಣು ನೋಡಲು ಮುದ್ದು. ಆದರೆ ಮೂಗು ಮೋಟಾದರೆ ಉಸಿರಿನ ದಾರಿ ಇಕ್ಕಟ್ಟು. ಬೇಸಿಗೆಯಲ್ಲಿ ಏದುಸಿರಿನಿಂದಲೇ ತಂಪಾಗಬೇಕಾದ ಪ್ರಾಣಿಗೆ ಏದುಸಿರು ಬಿಡಲೂ ಕಷ್ಟ. ಅದು ಗೊರಕೆ ಹೊಡೆಯುವುದನ್ನು ನಾವು ತಮಾಷೆ ಎಂದುಕೊಳ್ಳುತ್ತೇವೆ, ಅದು ಉಸಿರಿಗೆ ಒದ್ದಾಡುತ್ತಿರುತ್ತದೆ. ಸೈಬೀರಿಯಾದ ಹಿಮಕ್ಕೆ ಹುಟ್ಟಿದ ಹಸ್ಕಿಯನ್ನು ಏಪ್ರಿಲ್ ಬಿಸಿಲಲ್ಲಿ ಬೆಳಗಾವಿಯ ಸಿಮೆಂಟ್ ರಸ್ತೆಯಲ್ಲಿ ನಡೆಸುವುದೂ ಇಂಥದ್ದೇ. ಬಣ್ಣ ಒಂದೆರಡು ತಿಂಗಳಲ್ಲಿ ಹೋಗುತ್ತದೆ. ಎಲುಬಿನಲ್ಲಿ ಮಾಡಿದ ಸಿಂಗಾರ ಸಾಯುವವರೆಗೆ ಹೋಗುವುದಿಲ್ಲ, ಮರಿಗಳಿಗೂ ಇಳಿಯುತ್ತದೆ. ಡಾಬರ್‌ಮನ್ನಿನ ಕಿವಿ ಕತ್ತರಿಸಿ ನಿಲ್ಲಿಸುವುದು, ಬಾಲ ಮೋಟು ಮಾಡುವುದು ಇದೇ ಸಾಲಿನವು. ನಾಯಿ ತಳಿ ಬೆಳೆಸಿ ಮಾರುವವರಿಗೆ 2017ರ ಕೇಂದ್ರ ನಿಯಮಗಳು ಇಂಥ ಕತ್ತರಿಯನ್ನು ನಿಷೇಧಿಸಿದರೂ ಕೊಳ್ಳುವವರ ಕಣ್ಣು ಇನ್ನೂ ಬದಲಾಗಿಲ್ಲ.

ಹಾಗಾದರೆ ನಾಯಿಯ ಮೈಗೆ ಬಣ್ಣ ಎಂದಿಗೂ ತಾಗಬಾರದೇ? ಖಾನಾಪುರದಿಂದ ಘಟ್ಟ ಇಳಿದರೆ ಗೋವಾ. ಅಲ್ಲಿ ಮಿಷನ್ ರೇಬೀಸ್ ಸಂಸ್ಥೆ ಸರ್ಕಾರದ ಜೊತೆ ಸೇರಿ ವರ್ಷವೂ ಸಾವಿರಾರು ಬೀದಿನಾಯಿಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕುತ್ತದೆ. ಬಲೆಯಲ್ಲಿ ಹಿಡಿದು, ಚುಚ್ಚಿ, ಬಿಡುವ ಮೊದಲು ಮೈಮೇಲೆ ವಿಷವಿಲ್ಲದ ಬಣ್ಣದ ಗೆರೆ ಎಳೆಯುತ್ತಾರೆ. ಅದೇ ನಾಯಿಯನ್ನು ಮತ್ತೆ ಹಿಡಿದು ಹೆದರಿಸುವುದು ತಪ್ಪುತ್ತದೆ, ಯಾವುದು ಉಳಿಯಿತೆಂದು ಗೊತ್ತಾಗುತ್ತದೆ. 2021ರಲ್ಲಿ ಗೋವಾ ತನ್ನನ್ನು ರೇಬೀಸ್ ನಿಯಂತ್ರಿತ ರಾಜ್ಯವೆಂದು ಘೋಷಿಸಿಕೊಂಡ ಸಾಧನೆಯಲ್ಲಿ ಆ ಬಣ್ಣದ ಗೆರೆಗೂ ಪಾಲಿದೆ. ಸಂತಾನಹರಣ ಮಾಡಿದ ಬೀದಿನಾಯಿಯ ಕಿವಿಯ ತುದಿಯನ್ನು ಅರಿವಳಿಕೆಯಲ್ಲೇ ಸ್ವಲ್ಪ ಕತ್ತರಿಸಿ ಗುರುತು ಮಾಡುವುದೂ ಹೀಗೆಯೇ. ಡಾಬರ್‌ಮನ್ನಿನ ಕಿವಿಗೆ ಬಿದ್ದ ಕತ್ತರಿಯೂ ಇದೂ ಲೋಹದಲ್ಲಿ ಒಂದೇ, ಉದ್ದೇಶದಲ್ಲಿ ಬೇರೆ. ಮಚ್ಛೆಯ ಮುಂದೆ ಹಾದುಹೋಗುವ ಗೋವಾ ಹೆದ್ದಾರಿಯಲ್ಲಿ ರಾತ್ರಿ ಲಾರಿಗಳಿಗೆ ಸಿಕ್ಕುವ ನಾಯಿಗಳಿಗೆ ಬೆಳಕಿಗೆ ಹೊಳೆಯುವ ಕೊರಳಪಟ್ಟಿ ಕಟ್ಟಿದರೆ ಅದಕ್ಕಿಂತ ಒಳ್ಳೆಯ ಆಭರಣ ಇನ್ನೊಂದಿಲ್ಲ. ಬೇರೆ ನಗರಗಳಲ್ಲಿ ಸ್ವಯಂಸೇವಕರು ಇದನ್ನು ಮಾಡುತ್ತಿದ್ದಾರೆ, ಇಲ್ಲಿ ಕಾಲೇಜು ಹುಡುಗರು ಮಾಡಬಹುದಾದ ಕೆಲಸ.

ಕರ್ನಾಟಕದ್ದೇ ಒಂದು ಪ್ರಕರಣ ಈ ಅಳತೆಗೆ ಕಠಿಣ ಪರೀಕ್ಷೆ. 2019ರ ಡಿಸೆಂಬರಿನಲ್ಲಿ ತೀರ್ಥಹಳ್ಳಿ ಸೀಮೆಯ ರೈತರೊಬ್ಬರು ತಮ್ಮ ಸಾಕುನಾಯಿಗೆ ಹುಲಿಯ ಪಟ್ಟೆ ಬಳಿದ ಸುದ್ದಿ ಎಲ್ಲೆಡೆ ಹರಡಿತು. ಮಂಗಗಳ ಹಾವಳಿಯಿಂದ ತೋಟ ಉಳಿಸಿಕೊಳ್ಳಲು ಮೊದಲು ಹುಲಿಬೊಂಬೆ ಇಟ್ಟು ನೋಡಿದ್ದರು, ಅದರ ಬಣ್ಣ ಬಿಸಿಲಿಗೆ ಮಾಸಿತು. ಆಮೇಲೆ ಹೇರ್ ಡೈಯಿಂದ ನಾಯಿಯ ಮೈಮೇಲೆ ಪಟ್ಟೆ ಎಳೆದು ಬೆಳಿಗ್ಗೆ ಸಂಜೆ ತೋಟದಲ್ಲಿ ಸುತ್ತಾಡಿಸಿದರು. ಮಂಗಗಳು ಹೆದರಿ ಓಡಿದವಂತೆ. ಓದಿದವರು ನಕ್ಕು ಮುಂದೆ ಹೋದರು. ನನಗೆ ನಗು ಬರಲಿಲ್ಲ. ಮಲೆನಾಡಿನ ಮಂಗನ ಕಾಟ ಬಲ್ಲವರು ಆ ರೈತನನ್ನು ಹಂಗಿಸಲಾರರು, ವರ್ಷದ ಬೆಳೆ ಕಣ್ಣೆದುರೇ ಹೋಗುತ್ತದೆ. ಪಾರ್ಲರಿನ ಗುಲಾಬಿಗಿಂತ ಈ ಪಟ್ಟೆಗೆ ನೂರುಪಟ್ಟು ಗಟ್ಟಿಯಾದ ಕಾರಣವಿದೆ. ಆದರೆ ನಾಯಿಯ ಚರ್ಮಕ್ಕೆ ಕಾರಣ ಗೊತ್ತಾಗುವುದಿಲ್ಲ. ಡೈ ತಿಂಗಳಿಗೊಮ್ಮೆ ಮಾಸುತ್ತದೆ, ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕಾಗುತ್ತದೆ. ಅದೇ ಪಟ್ಟೆಗಳನ್ನು ಒಂದು ಹತ್ತಿಯ ಬಟ್ಟೆಯ ಮೇಲೆ ಬಳಿದು ಎತ್ತಿನ ಜೂಲದಂತೆ ನಾಯಿಗೆ ಕಟ್ಟಿದ್ದರೆ ಮಂಗವೂ ಹೆದರುತ್ತಿತ್ತೇನೋ, ನಾಯಿಯೂ ಸಂಜೆ ಬಿಚ್ಚಿಸಿಕೊಂಡು ಹಾಯಾಗಿ ಮಲಗುತ್ತಿತ್ತು.

ಬಿಚ್ಚಿಡಬಹುದಾದದ್ದು ಎಂಬುದು ಇಲ್ಲಿ ಬಹಳ ಮುಖ್ಯ. ನೇಪಾಳದಲ್ಲಿ ತಿಹಾರ್ ಹಬ್ಬದ ಎರಡನೆಯ ದಿನ ನಾಯಿಗಳ ಪೂಜೆ. ಮನೆಯ ನಾಯಿ, ಬೀದಿಯ ನಾಯಿ ಎನ್ನದೆ ಕೊರಳಿಗೆ ಚೆಂಡುಹೂವಿನ ಮಾಲೆ, ಹಣೆಗೆ ತಿಲಕ, ಮುಂದೆ ಊಟ. ನಾಯಿ ಮಾಲೆಯನ್ನು ಉದುರಿಸಿಕೊಂಡು ಓಡಿದರೆ ಹಬ್ಬ ಕೆಡುವುದಿಲ್ಲ. ನಮ್ಮಲ್ಲೂ ಮೈಲಾರಲಿಂಗನ ನಾಯಿಗೆ ಮರ್ಯಾದೆ ಇದೆ, ಗೊರವರು ತಾವೇ ನಾಯಿಯಾಗಿ ಬೊಗಳಿ ಪ್ರಸಾದ ತಿನ್ನುತ್ತಾರೆ. ಹತ್ತನೆಯ ಶತಮಾನದ ಆತಕೂರಿನ ವೀರಗಲ್ಲು ಇನ್ನೂ ದೊಡ್ಡ ಮಾತು ಹೇಳುತ್ತದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ತನ್ನ ಒಡೆಯ ಗಂಗ ಬೂತುಗನಲ್ಲಿ ವರವಾಗಿ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಕಲ್ಲು ನಿಲ್ಲಿಸಿ ಕೆತ್ತಿಸಿದರು. ನಾಯಿ ಮತ್ತು ಹಂದಿ ಎದುರುಬದುರಾಗಿ ಸೆಣಸುವ ಆ ಶಿಲ್ಪ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯನ್ನು ನಾಯಿಯಾಗಿಯೇ ಗೌರವಿಸಿದ ಕನ್ನಡದ ಸಾಕ್ಷಿ ಅದು.

ಗೌರವದ ಮಾತಿಗೆ ಕಾನೂನಿನಲ್ಲೂ ಜಾಗ ಕೊಟ್ಟ ದೇಶವೆಂದರೆ ಸ್ವಿಟ್ಜರ್ಲೆಂಡ್. 2008ರಿಂದ ಜಾರಿಯಲ್ಲಿರುವ ಅಲ್ಲಿನ ಕಾಯ್ದೆ ಪ್ರಾಣಿಗೆ ನೋವಾಗಬಾರದು ಎಂದಷ್ಟೇ ಹೇಳದೆ ಅದರ ಘನತೆಯನ್ನೂ ಕಾಪಾಡಬೇಕೆನ್ನುತ್ತದೆ. ಸರಿಯಾದ ಕಾರಣವಿಲ್ಲದೆ ರೂಪವನ್ನು ತೀವ್ರವಾಗಿ ಬದಲಿಸುವುದನ್ನು, ಪ್ರಾಣಿಯನ್ನು ಬರಿಯ ಸಾಧನವಾಗಿಸುವುದನ್ನು ಘನತೆಯ ಭಂಗ ಎಂದು ಎಣಿಸುತ್ತದೆ. 2024ರಲ್ಲಿ ಚೀನಾದ ತೈಝೌ ಮೃಗಾಲಯದಲ್ಲಿ ಚೌ ಚೌ ನಾಯಿಗಳಿಗೆ ಕಪ್ಪು ಬಿಳಿ ಬಣ್ಣ ಹಚ್ಚಿ ಪಾಂಡಾ ಎಂದು ತೋರಿಸಿದಾಗ ಜನಕ್ಕೆ ಕಸಿವಿಸಿಯಾದದ್ದೂ ಇದೇ ಕಾರಣಕ್ಕೆ ಎಂದು ನನ್ನ ಎಣಿಕೆ. ಮೃಗಾಲಯದವರು ಮನುಷ್ಯರೂ ಕೂದಲಿಗೆ ಬಣ್ಣ ಹಾಕಿಕೊಳ್ಳುವುದಿಲ್ಲವೇ ಎಂದು ಸಮರ್ಥಿಸಿಕೊಂಡರು. ಹಾಕಿಕೊಳ್ಳುತ್ತೇವೆ, ಆದರೆ ಕನ್ನಡಿ ನೋಡಿ, ದುಡ್ಡು ಕೊಟ್ಟು, ಉರಿದರೆ ನಿಲ್ಲಿಸು ಎಂದು ಹೇಳುವ ಬಾಯಿ ಇಟ್ಟುಕೊಂಡು.

ನಮ್ಮ ಕಾನೂನು ಹೇಳುವುದು ಕಡಿಮೆ, ಹೇಳಿದ್ದಕ್ಕೆ ಬಲವೂ ಕಡಿಮೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಅನಗತ್ಯ ನೋವು ಕೊಡುವುದನ್ನು, ಹಾನಿಕರ ವಸ್ತುವನ್ನು ಬೇಕೆಂದೇ ಪ್ರಾಣಿಗೆ ಕೊಡುವುದನ್ನು ಅಪರಾಧವೆನ್ನುತ್ತದೆ. ಬಣ್ಣದಿಂದ ಸುಟ್ಟ ನಾಯಿಯ ಪ್ರಕರಣ ಇದರೊಳಗೆ ಬರಬಲ್ಲದು. ಆದರೆ ಮೊದಲ ಸಲದ ದಂಡ 10ರಿಂದ 50 ರೂಪಾಯಿ. 2022ರಲ್ಲಿ ಕೇಂದ್ರ ಸರ್ಕಾರ ಇದನ್ನು ಏರಿಸುವ ಕರಡು ಪ್ರಕಟಿಸಿತು. 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಪ್ರಾಣಿಗಳಿಗೆ ಭಯ, ನೋವು, ಸಂಕಟಗಳಿಂದ ಮುಕ್ತಿ ಇರಬೇಕೆಂದು ಎತ್ತಿ ಹೇಳಿತು. ಆಮೇಲೆ ಇಂಥ ಆಟಗಳಿಗೆ ಅವಕಾಶ ಕೊಡಲು ಕರ್ನಾಟಕವೂ ಸೇರಿ ಕೆಲವು ರಾಜ್ಯಗಳು ಆ ಕಾಯ್ದೆಗೆ ತಿದ್ದುಪಡಿ ತಂದವು, 2023ರಲ್ಲಿ ಅವು ಊರ್ಜಿತವಾದವು. ಕಂಬಳಕ್ಕೂ ಚಕ್ಕಡಿ ಓಟಕ್ಕೂ ಸಂಸ್ಕೃತಿಯ ಹೆಸರಿನಲ್ಲಿ ಸಿಕ್ಕ ಆಸರೆ ಪಾರ್ಲರಿನ ಬಣ್ಣಕ್ಕೆ ಸಿಗಲಾರದು. ಅದಕ್ಕೆ ಹಬ್ಬವಿಲ್ಲ, ದೇವರಿಲ್ಲ, ಹಿರಿಯರ ನಡೆಯಿಲ್ಲ. ಸಾಕುಪ್ರಾಣಿ ಮಾರುವ ಅಂಗಡಿಗಳಿಗೆ 2018ರ ನಿಯಮಗಳಿವೆ, ನೋಂದಣಿ ಇದೆ. ನಾಯಿಗೆ ಕ್ಷೌರ ಮಾಡುವ, ಬಣ್ಣ ಹಚ್ಚುವ ಕೆಲಸಕ್ಕೆ ಇಂಥ ಪ್ರತ್ಯೇಕ ಕಟ್ಟುಪಾಡಿಲ್ಲ. ಕತ್ತರಿ ಹಿಡಿದವರೆಲ್ಲ ಗ್ರೂಮರ್. ತರಬೇತಿ ಪಡೆದು ಶ್ರದ್ಧೆಯಿಂದ ದುಡಿಯುವವರಿಗೂ ಇದರಿಂದ ನಷ್ಟ.

ಆದ್ದರಿಂದ ನನ್ನ ನಿಲುವು ಹೀಗೆ. ರೋಮ ಬಾಚುವುದು, ಕತ್ತರಿಸುವುದು, ಉಗುರು, ಕಿವಿ ನೋಡುವುದು ಮಾಡಲೇಬೇಕಾದ ಕೆಲಸ. ಕೊರಳಿಗೆ ಹೂವು, ರಿಬ್ಬನ್, ಹಗುರ ಹತ್ತಿ ಬಟ್ಟೆ, ನಾಯಿ ಕಿತ್ತುಕೊಳ್ಳದಿದ್ದರೆ, ಸ್ವಲ್ಪ ಹೊತ್ತಿಗೆ ಬಿಚ್ಚುವುದಾದರೆ ಆಗಲಿ. ಡೈ ಬೇಡ, ಮನುಷ್ಯರದ್ದೂ ಬೇಡ, ನಾಯಿಯದ್ದೆಂದು ಮಾರುವುದೂ ಬೇಡ. ನಾಯಿಗೆ ಕಾಣದ, ನಾಯಿಗೆ ಬೇಡದ ಒಂದು ಸಂಗತಿಗಾಗಿ ಅದನ್ನು ಗಂಟೆಗಟ್ಟಲೆ ಕುಣಿಕೆಯಲ್ಲಿ ನಿಲ್ಲಿಸುವ ಹಕ್ಕು ಪ್ರೀತಿಯಿಂದಲೂ ಹುಟ್ಟುವುದಿಲ್ಲ. ಪಾರ್ಲರಿಗೆ ಒಯ್ದವರು ಒಳಗೆ ನಿಂತು ನೋಡಲು ಬಿಡುತ್ತಾರೆಯೇ, ಯಾವ ಶಾಂಪೂ ಬಳಸುತ್ತಾರೆ, ನಾಯಿ ಹೆದರಿದರೆ ನಿಲ್ಲಿಸುತ್ತಾರೆಯೇ ಎಂದು ಕೇಳಬೇಕು. ಬಿಡದಿದ್ದರೆ ಬೇರೆ ಕಡೆ ಹೋಗಬೇಕು.

ಒಡೆಯನೇ ಇಲ್ಲದ ನಾಯಿಗಳ ಪಾಡು ಬೇರೆ. 2017ರ ಆಗಸ್ಟಿನಲ್ಲಿ ನವಿ ಮುಂಬೈನ ತಳೋಜ ಕೈಗಾರಿಕಾ ಪ್ರದೇಶದಲ್ಲಿ ಬೀದಿನಾಯಿಗಳು ನೀಲಿಯಾಗಿ ಓಡಾಡಿದವು. ಕಾರ್ಖಾನೆಯೊಂದರ ಬಣ್ಣ ಅವುಗಳ ಮೈಗೆ ಹತ್ತಿತ್ತು, ಮಾಲಿನ್ಯ ನಿಯಂತ್ರಣ ಮಂಡಳಿ ಆ ಕಾರ್ಖಾನೆಯನ್ನು ಮುಚ್ಚಿಸಿತು. ಕಾರ್ಖಾನೆಗಳ ನಡುವೆಯೇ ಮನೆ ಕಟ್ಟಿಕೊಂಡ ಮಚ್ಛೆಯವರಿಗೆ ಆ ಸುದ್ದಿ ದೂರದ್ದಲ್ಲ. ಇನ್ನೊಂದು ಬಣ್ಣ ನಾವೇ ಎರಚುವುದು. ಹೋಳಿಗೆ, ರಂಗಪಂಚಮಿಗೆ ಬೆಳಗಾವಿಯ ಗಲ್ಲಿಗಳಲ್ಲಿ ಮನುಷ್ಯರ ಜೊತೆ ನಾಯಿಗಳೂ ಕೆಂಪು, ಹಸಿರಾಗುತ್ತವೆ. ಕಣ್ಣಿಗೆ ಬಿದ್ದ ಪುಡಿಯನ್ನು ಅವು ಒರೆಸಿಕೊಳ್ಳಲಾರವು, ಮೈಗೆ ಹತ್ತಿದ್ದನ್ನೆಲ್ಲ ನೆಕ್ಕಿ ಹೊಟ್ಟೆಗೆ ಇಳಿಸುತ್ತವೆ. ಹಾಗೆ ಬಣ್ಣ ಬಿದ್ದ ನಾಯಿ ಹತ್ತಿರ ಬರುವುದಾದರೆ ಒಣಪುಡಿಯನ್ನು ಮೊದಲು ಬಟ್ಟೆಯಲ್ಲಿ ಕೊಡವಬೇಕು, ಆಮೇಲೆ ಉಗುರುಬೆಚ್ಚಗಿನ ನೀರು, ನಾಯಿಯ ಶಾಂಪೂ. ಎಣ್ಣೆಬಣ್ಣ ಅಂಟಿದ್ದರೆ ಸೀಮೆಎಣ್ಣೆ, ಥಿನ್ನರ್ ಮುಟ್ಟಿಸಬಾರದು, ಅವು ಬಣ್ಣಕ್ಕಿಂತ ಹೆಚ್ಚು ಸುಡುತ್ತವೆ. ಕೊಬ್ಬರಿ ಎಣ್ಣೆ ಸವರಿ ಸಡಿಲಿಸಿ, ಬಿಡದ ರೋಮವನ್ನು ಕತ್ತರಿಸಬೇಕು. ಕಣ್ಣು ಕೆಂಪಾಗಿದ್ದರೆ, ಜೊಲ್ಲು ಸುರಿಸುತ್ತಿದ್ದರೆ, ವಾಂತಿ ಮಾಡಿದರೆ ಹಬ್ಬದ ಊಟ ಬಿಟ್ಟಾದರೂ ಅದನ್ನು ದನದ ದವಾಖಾನೆಗೆ ಒಯ್ಯಬೇಕು.